ಥೆರಪಿಸ್ಟ್ ಹುಡುಕುವುದು ಹೇಗೆ, ಡಿಬಿಟಿ ಎಂದರೇನು?

‘ಮಗಳಿಗೆ ಡಿಬಿಟಿ ಕೊಡಿಸಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದಾರೆ. ಅದು ಮಾತ್ರೆಯೋ, ಕೌನ್ಸೆಲಿಂಗೋ? ನಮ್ಮೂರಿನಲ್ಲಿ ಸಿಗುತ್ತದೆಯೇ?’ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಓದುಗರಿಂದ ಬರುತ್ತಲೇ ಇದೆ. ಕೇಳುವವರಲ್ಲಿ ತಂದೆತಾಯಂದಿರಿದ್ದಾರೆ, ಪಿಜಿಯಲ್ಲಿ ಒಬ್ಬರೇ ಇದ್ದು ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿದ್ದಾರೆ, ಎರಡು ಮೂರು ಕಡೆ ಹಣ ಸುರಿದು ಬೇಸತ್ತವರೂ ಇದ್ದಾರೆ. ಡಿಬಿಟಿ ಮಾತ್ರೆಯಲ್ಲ, ಮಾತು ಮತ್ತು ಅಭ್ಯಾಸದ ಮೂಲಕ ನಡೆಯುವ ಒಂದು ಮನೋಚಿಕಿತ್ಸೆ. ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಫಲಕದ ಮೇಲೆ ಡಿಬಿಟಿ ಎಂಬ ಮೂರಕ್ಷರ ಕಂಡ ಮಾತ್ರಕ್ಕೆ ಒಳಗೆ ಹೋಗಿ ಕೂರಬೇಡಿ. ಆ ಕೋಣೆಯಲ್ಲಿ ವಾರ ವಾರ ಏನು ನಡೆಯುತ್ತದೆ ಎಂದು ಕೇಳಿ. ಕೇಳುವುದು ಅಧಿಕಪ್ರಸಂಗವಲ್ಲ, ಅದು ನಿಮ್ಮ ಹಕ್ಕು.

ಒಂದು ತುರ್ತಿನ ಮಾತು. ಸಾಯಬೇಕು ಎಂಬ ಯೋಚನೆ ಈಗಲೇ ಕಾಡುತ್ತಿದ್ದರೆ ಈ ಲೇಖನ ಓದಿ ಮುಗಿಸುವ ತನಕ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಇದು ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಪ್ರಾಣಕ್ಕೇ ಅಪಾಯವೆನ್ನುವಂತಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ಘಟಕಕ್ಕೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ‘ಪೊಲೀಸ್ ಕೇಸ್ ಆಗುತ್ತದೆ’ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಉಳಿದವರ ವಿಷಯ ಕೇಳಿದಾಗೆಲ್ಲ ಸಂಕಟವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

1. ನಿಮಗೆ ಡಿಬಿಟಿಯೇ ಬೇಕೇ ಎಂದು ಮೊದಲು ತಿಳಿಯಿರಿ

ಡಿಬಿಟಿ ಎಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಚಿಕಿತ್ಸೆ ಇದು. ಮತ್ತೆ ಮತ್ತೆ ತಮಗೆ ತಾವೇ ಗಾಯ ಮಾಡಿಕೊಳ್ಳುವ, ಸಾಯಲು ಯತ್ನಿಸುವ ಮಹಿಳೆಯರಿಗೆ ಆಗ ಇದ್ದ ಚಿಕಿತ್ಸೆಗಳು ಸಾಲುತ್ತಿರಲಿಲ್ಲ. ‘ನೀವು ಬದಲಾಗಬೇಕು’ ಎಂದಷ್ಟೇ ಹೇಳಿದರೆ ಅವರು ನೊಂದು ಎದ್ದುಹೋಗುತ್ತಿದ್ದರು. ‘ನಿಮ್ಮ ನೋವು ಅರ್ಥವಾಗುತ್ತದೆ’ ಎಂದಷ್ಟೇ ಹೇಳಿದರೆ ಬದುಕು ಇದ್ದಲ್ಲೇ ಇರುತ್ತಿತ್ತು. ಇರುವುದನ್ನು ಒಪ್ಪಿಕೊಳ್ಳುವುದು, ಬದಲಾಯಿಸುವುದು, ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಿಡಿದಿಡುವುದೇ ಈ ಚಿಕಿತ್ಸೆಯ ತಿರುಳು. ಹೆಸರಿನಲ್ಲಿರುವ ಡಯಲೆಕ್ಟಿಕಲ್ ಎಂಬುದು ಅದನ್ನೇ ಹೇಳುತ್ತದೆ. ಇದರ ಮೊದಲ ಮುಖ್ಯ ಪ್ರಯೋಗದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. 2011ರಲ್ಲಿ ಲಿನೆಹನ್ ತಾವೂ ಹರೆಯದಲ್ಲಿ ಇದೇ ಸಂಕಟದಿಂದ ಮಾನಸಿಕ ಆಸ್ಪತ್ರೆಯಲ್ಲಿ ದೀರ್ಘ ಕಾಲ ಇದ್ದುದನ್ನು ಬಹಿರಂಗವಾಗಿ ಹೇಳಿದರು. ‘ಇದೆಲ್ಲ ಗೊತ್ತಿಲ್ಲದವರು ಬರೆದ ಪಾಠ’ ಎಂದುಕೊಳ್ಳುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ತೊಂದರೆಗೆ ಡಿಬಿಟಿ ಹೆಚ್ಚು ಹೆಸರಾಗಿದೆ. ಭಾವನೆಗಳು ಕ್ಷಣದಲ್ಲಿ ಉಕ್ಕಿ, ಇಳಿಯಲು ಬಹಳ ಹೊತ್ತು ತೆಗೆದುಕೊಳ್ಳುವುದು, ಹತ್ತಿರದವರು ಬಿಟ್ಟುಹೋಗುತ್ತಾರೆಂಬ ತೀವ್ರ ಭಯ, ಸಂಬಂಧಗಳಲ್ಲಿ ಸದಾ ಏರಿಳಿತ, ಒಳಗೆಲ್ಲ ಖಾಲಿ ಖಾಲಿ ಅನ್ನಿಸುವುದು ಇದರ ಲಕ್ಷಣಗಳಲ್ಲಿ ಕೆಲವು. ಈ ಹೆಸರಿನ ರೋಗನಿರ್ಣಯ ಇಲ್ಲದೆಯೂ ಸ್ವಹಾನಿ, ವಿಪರೀತ ಕೋಪ, ಅತಿಯಾಗಿ ತಿನ್ನುವ ತೊಂದರೆ ಇರುವವರಿಗೆ ಡಿಬಿಟಿ ಬಳಸುತ್ತಾರೆ. ಹದಿಹರೆಯದವರಿಗಾಗಿ ಮಾರ್ಪಡಿಸಿದ ರೂಪವೂ ಇದೆ. ಅದರಲ್ಲಿ ಅಪ್ಪ ಅಮ್ಮನೂ ತರಗತಿಯಲ್ಲಿ ಕೂರಬೇಕು.

ಎಲ್ಲಕ್ಕೂ ಇದೇ ಮದ್ದು ಎನ್ನುವವರನ್ನು ಮಾತ್ರ ನಂಬಬೇಡಿ. ಕೈ ತೊಳೆದಷ್ಟೂ ಸಾಲದೆನ್ನುವಂಥ ಒಸಿಡಿಗೆ ಬೇರೆಯೇ ವಿಧಾನವಿದೆ. ಇಲ್ಲದ ಧ್ವನಿ ಕೇಳಿಸುತ್ತಿದ್ದರೆ, ಬೈಪೋಲಾರ್ ತೊಂದರೆಯ ಉನ್ಮಾದ ಏರಿದ್ದರೆ ಮೊದಲು ಮನೋವೈದ್ಯರ ಬಳಿ ಔಷಧಿ. ಹಾಗಾಗಿ ಅಂತರ್ಜಾಲದ ಪರೀಕ್ಷೆ ತುಂಬಿ ‘ನನಗೆ ಇಂಥದ್ದೇ ಇದೆ’ ಎಂದು ಹಣೆಪಟ್ಟಿ ಹಚ್ಚಿಕೊಳ್ಳುವ ಮೊದಲು ಒಮ್ಮೆ ಸರಿಯಾದ ತಪಾಸಣೆ ಆಗಲಿ.

2. ಪೂರ್ಣ ಡಿಬಿಟಿಯಲ್ಲಿ ಏನೇನಿರುತ್ತದೆ ಎಂದು ಗೊತ್ತಿರಲಿ

ಇದು ಗೊತ್ತಿದ್ದರೆ ಮಾತ್ರ ನಿಮಗೆ ಸಿಗುತ್ತಿರುವುದು ಎಷ್ಟು ಎಂದು ಅಳೆಯಲು ಸಾಧ್ಯ. ಪೂರ್ಣ ರೂಪದ ಡಿಬಿಟಿಗೆ ನಾಲ್ಕು ಭಾಗಗಳಿವೆ. ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಒಬ್ಬರೇ ಕೂರುವ ಸೆಷನ್. ವಾರಕ್ಕೊಮ್ಮೆ ಕೌಶಲ ಕಲಿಸುವ ಗುಂಪು ತರಗತಿ. ಮಧ್ಯೆ ಸಂಕಟ ಉಕ್ಕಿದಾಗ ಕಲಿತದ್ದನ್ನು ಹೇಗೆ ಬಳಸಬೇಕೆಂದು ಕೇಳಲು ಚಿಕ್ಕ ಫೋನ್ ಕರೆ. ಇನ್ನೊಂದು ನಿಮಗೆ ಕಾಣದ್ದು: ಥೆರಪಿಸ್ಟ್‌ಗಳೇ ವಾರ ವಾರ ಸೇರಿ ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದುವ ಸಭೆ.

ಗುಂಪು ಎಂದೊಡನೆ ಹಲವರು ಹಿಂಜರಿಯುತ್ತಾರೆ. ‘ಅಪರಿಚಿತರ ಮುಂದೆ ನನ್ನ ಕಥೆ ಹೇಳಿಕೊಳ್ಳಬೇಕೇ?’ ಬೇಡ. ಅದು ಪಾಠದ ತರಗತಿ. ಹಾಳೆ ಕೊಡುತ್ತಾರೆ, ಮನೆಗೆಲಸ ಕೊಡುತ್ತಾರೆ, ಮುಂದಿನ ವಾರ ಅದನ್ನು ವಿಚಾರಿಸುತ್ತಾರೆ. ಒಂದು ಸುತ್ತು ಸುಮಾರು 24 ವಾರ. ಸಾಮಾನ್ಯವಾಗಿ ಅದನ್ನೇ ಇನ್ನೊಮ್ಮೆ ಮಾಡಿಸುತ್ತಾರೆ, ಒಟ್ಟು ಒಂದು ವರ್ಷವಾಗುತ್ತದೆ. ‘ಆರು ಸೆಷನ್‌ನಲ್ಲಿ ಡಿಬಿಟಿ ಮುಗಿಸಿಕೊಡುತ್ತೇವೆ’ ಎಂಬ ಜಾಹೀರಾತು ಕಂಡರೆ ದೂರವಿರಿ.

ಕಲಿಸುವುದು ನಾಲ್ಕು ಬಗೆಯ ಕೌಶಲ. ಮೊದಲನೆಯದು ಈ ಕ್ಷಣದಲ್ಲಿ ಎಚ್ಚರದಿಂದಿರುವುದು. ಇದಕ್ಕೆ ಪದ್ಮಾಸನ ಹಾಕಿ ಕಣ್ಣು ಮುಚ್ಚಲೇಬೇಕೆಂದಿಲ್ಲ. ಹುರುಳಿಕಾಯಿ ಸೋಸುವಾಗ ಬರೀ ಹುರುಳಿಕಾಯಿ ಸೋಸುವುದೂ ಅಭ್ಯಾಸವೇ. ಎರಡನೆಯದು ಸಂಕಟವನ್ನು ತಾಳಿಕೊಳ್ಳುವುದು, ಅಂದರೆ ಕೆಟ್ಟ ಗಳಿಗೆಯನ್ನು ಇನ್ನಷ್ಟು ಕೆಡಿಸದೆ ದಾಟುವುದು. ಮೂರನೆಯದು ಭಾವನೆಗಳ ನಿರ್ವಹಣೆ. ನಾಲ್ಕನೆಯದು ಜನರೊಂದಿಗಿನ ವ್ಯವಹಾರ: ಬೇಕಾದ್ದನ್ನು ಕೇಳುವುದು, ಬೇಡವಾದ್ದಕ್ಕೆ ಇಲ್ಲವೆನ್ನುವುದು, ಹಾಗೆ ಮಾಡುವಾಗ ಸಂಬಂಧವನ್ನೂ ಮರ್ಯಾದೆಯನ್ನೂ ಉಳಿಸಿಕೊಳ್ಳುವುದು.

ಎರಡನೆಯ ಬಗೆಯಿಂದ ಒಂದು ಉದಾಹರಣೆ. ತಲೆ ಕೆಟ್ಟು ಏನಾದರೂ ಮಾಡಿಕೊಂಡುಬಿಡುವಷ್ಟು ಉದ್ವೇಗ ಏರಿದಾಗ ಉಪದೇಶ ಕಿವಿಗೆ ಹೋಗುವುದಿಲ್ಲ. ಆಗ ದೇಹದ ಮೂಲಕ ಹೋಗಬೇಕು. ಅಗಲ ಬೋಗುಣಿಯಲ್ಲಿ ತಣ್ಣೀರು ತುಂಬಿ, ಉಸಿರು ಹಿಡಿದು, ಹಣೆ, ಕಣ್ಣು, ಕೆನ್ನೆ ಮುಳುಗುವಂತೆ ಮುಖವನ್ನು ಅರ್ಧ ನಿಮಿಷದವರೆಗೆ ನೀರಿನಲ್ಲಿಡುವುದು. ಮುಖಕ್ಕೆ ತಂಪು ತಾಗಿದಾಗ ಹೃದಯದ ಬಡಿತ ತಾನಾಗಿ ನಿಧಾನಿಸುತ್ತದೆ, ಉದ್ವೇಗವೂ ಜೊತೆಗೆ ಇಳಿಯುತ್ತದೆ. ಹೃದಯದ ತೊಂದರೆ ಇರುವವರು, ಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಊಟ ಬಿಟ್ಟು ಸೊರಗಿರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಅಂಥವರಿಗೆ ಉಸಿರಿನ ದಾರಿ ಇದೆ: ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಕೆಲವು ನಿಮಿಷ.

3. ಯಾರು ಯಾರೆಂದು ಗುರುತಿಸಿ

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಔಷಧಿ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ತಪಾಸಣೆ ಮತ್ತು ಥೆರಪಿಯಲ್ಲಿ ಆಸ್ಪತ್ರೆಯ ತರಬೇತಿ ಪಡೆದವರು. ಈಗ ವೃತ್ತಿಯಲ್ಲಿರುವ ಹೆಚ್ಚಿನವರದು ಎರಡು ವರ್ಷದ ಎಂ.ಫಿಲ್. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡಿರಬೇಕು. ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಥೆರಪಿ ಮಾಡುತ್ತಾರೆ, ಕುಟುಂಬದ ವಿಷಯದಲ್ಲಿ ಅವರ ಪರಿಣತಿ ದೊಡ್ಡದು. ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು: ಇಲ್ಲಿ ಜಾಗ್ರತೆ. ಎಂ.ಎಸ್ಸಿ. ಓದಿ ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಪಳಗಿದ ಉತ್ತಮರಿದ್ದಾರೆ, ವಾರಾಂತ್ಯದ ಶಿಬಿರದ ಪ್ರಮಾಣಪತ್ರ ಗೋಡೆಗೆ ತೂಗುಹಾಕಿದವರೂ ಇದ್ದಾರೆ. ‘ಲೈಫ್ ಕೋಚ್’ ಎಂಬುದು ಚಿಕಿತ್ಸೆ ನೀಡುವ ಅರ್ಹತೆಯೇ ಅಲ್ಲ.

ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ ಪಡೆದು, ಪರಿಷತ್ತಿನ ಜಾಲತಾಣದಲ್ಲಿ ತಾಳೆ ನೋಡಿ. ಸ್ವಹಾನಿಯ ಸಮಸ್ಯೆ ಇದ್ದರೆ ಕನಿಷ್ಠ ಒಬ್ಬ ಮನೋವೈದ್ಯರು ಅಥವಾ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ನಿಮ್ಮ ಜೊತೆಗಿರಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

4. ಎಲ್ಲಿ ಹುಡುಕಬೇಕು

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಬಿಟಿಎಂ ಲೇಔಟ್‌ನಲ್ಲಿ ಅದರದೇ ಕ್ಷೇಮ ಕೇಂದ್ರ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆಸ್ಪತ್ರೆಯ ಹೆಸರು ಕೇಳಿದರೇ ಅಳುಕುವವರಿಗೆ ಅದು ಸುಲಭದ ಬಾಗಿಲು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಇವೆರಡೂ ದೂರವಾದರೆ ನಿಮ್ಮ ಜಿಲ್ಲಾ ಆಸ್ಪತ್ರೆಗೆ ಹೋಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೊಠಡಿ ಎಲ್ಲಿ ಎಂದು ಕೇಳಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಎಂದು ಅಲ್ಲೇ ವಿಚಾರಿಸಿ. ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗ ಇನ್ನೊಂದು ದಾರಿ.

ಸರ್ಕಾರಿ ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಬೇಗ ಹೊರಡಿ. ಗುರುತಿನ ಚೀಟಿ, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ಔಷಧಿ ಚೀಟಿಗಳು, ಜೊತೆಗೆ ಮನೆಯವರೊಬ್ಬರು. ಮೊದಲ ದಿನವೇ ಥೆರಪಿ ಶುರುವಾಗುವುದಿಲ್ಲ. ಮೊದಲು ವೈದ್ಯರು ನೋಡಿ, ವಿವರ ಬರೆದುಕೊಂಡು, ಬಳಿಕ ಥೆರಪಿಗೆ ಕಳಿಸುತ್ತಾರೆ. ಅಲ್ಲಿ ಸರದಿ ಇರಬಹುದು. ಬಹಳ ಜನ ಈ ಹಂತದಲ್ಲೇ ‘ಬರೀ ಮಾತ್ರೆ ಕೊಟ್ಟು ಕಳಿಸಿದರು’ ಎಂದು ಕೈಬಿಡುತ್ತಾರೆ. ಹೊರಡುವ ಮೊದಲು ‘ಥೆರಪಿಗೆ ನನ್ನ ಹೆಸರು ಬರೆದುಕೊಂಡಿದ್ದೀರಾ?’ ಎಂದು ಬಾಯಿಬಿಟ್ಟು ಕೇಳಿ.

ಹೊರದೇಶದಲ್ಲಿರುವ ಕನ್ನಡಿಗರು ಊರಿನ ಥೆರಪಿಸ್ಟ್ ಜೊತೆ ವಿಡಿಯೊ ಕರೆಯಲ್ಲಿ ಕನ್ನಡದಲ್ಲಿ ಮಾತನಾಡಲು ಬಯಸುವುದು ಸಹಜ. ಆದರೆ ಜೀವಕ್ಕೆ ಅಪಾಯವಿರುವಾಗ ನಿಮ್ಮ ಬಾಗಿಲಿಗೆ ಬರಬಲ್ಲವರು ನೀವಿರುವ ಊರಿನವರೇ. ಸ್ವಹಾನಿಯ ಸಮಸ್ಯೆ ಇದ್ದರೆ ಅಲ್ಲಿಯೂ ಒಬ್ಬರನ್ನು ಗೊತ್ತುಮಾಡಿಕೊಳ್ಳಿ.

5. ಮೊದಲ ಕರೆಯಲ್ಲಿ ಇವನ್ನು ಕೇಳಿ

ಖಾಸಗಿಯಾಗಿ ಕೆಲಸ ಮಾಡುವ ಥೆರಪಿಸ್ಟ್‌ಗಳಲ್ಲಿ ಹಲವರು ಹತ್ತು ಹದಿನೈದು ನಿಮಿಷ ಫೋನಿನಲ್ಲಿ ಮಾತನಾಡಲು ಒಪ್ಪುತ್ತಾರೆ. ಚೀಟಿ ಬರೆದಿಟ್ಟುಕೊಂಡು ಕೇಳಿ: ನಿಮ್ಮ ವಿದ್ಯಾರ್ಹತೆ ಮತ್ತು ನೋಂದಣಿ ಯಾವುದು? ಡಿಬಿಟಿ ತರಬೇತಿ ಎಲ್ಲಿ ಪಡೆದಿರಿ, ಎಷ್ಟು ಕಾಲ? ಗುಂಪು ತರಗತಿ ಇದೆಯೇ, ಇಲ್ಲದಿದ್ದರೆ ಕೌಶಲಗಳನ್ನು ಯಾವಾಗ ಕಲಿಸುತ್ತೀರಿ? ದಿನದಿನದ ಭಾವನೆಗಳನ್ನು ಗುರುತು ಹಾಕಿಡುವ ದಿನಚರಿ ಹಾಳೆ ಬಳಸುತ್ತೀರಾ? ಸೆಷನ್‌ಗಳ ನಡುವೆ ಸಂಕಟವಾದರೆ ನಾನೇನು ಮಾಡಬೇಕು? ಕನ್ನಡದಲ್ಲಿ ಥೆರಪಿ ಮಾಡುತ್ತೀರಾ?

ಕೊನೆಯ ಪ್ರಶ್ನೆಯನ್ನು ಚಿಕ್ಕದೆಂದು ಬಿಡಬೇಡಿ. ಡಿಬಿಟಿಯ ಹಾಳೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಕಚೇರಿಯಲ್ಲಿ ಇಂಗ್ಲಿಷ್ ಸಲೀಸಾಗಿ ಮಾತನಾಡುವವರಿಗೂ ತಳಮಳ, ಕಸಿವಿಸಿ, ಹೊಟ್ಟೆಕಿಚ್ಚು ಕನ್ನಡದಲ್ಲೇ ಬಾಯಿಗೆ ಬರುತ್ತವೆ. ಹಾಳೆಯನ್ನು ಕನ್ನಡದಲ್ಲಿ ತುಂಬುತ್ತೇನೆ ಎಂದರೆ ಒಪ್ಪುವವರು ಬೇಕು.

ನಮ್ಮಲ್ಲಿ ನಾಲ್ಕೂ ಭಾಗಗಳನ್ನು ನಡೆಸುವವರು ಕಡಿಮೆ. ‘ನನ್ನದು ಪೂರ್ಣ ಡಿಬಿಟಿ ಅಲ್ಲ, ಅದರ ಕೌಶಲಗಳನ್ನು ಬಳಸುತ್ತೇನೆ’ ಎಂದು ನೇರವಾಗಿ ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ. ‘ನಾನು ಎಲ್ಲ ಥೆರಪಿಯನ್ನೂ ಮಾಡುತ್ತೇನೆ’ ಎನ್ನುವವರಿಗೆ ಮೇಲಿನ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ. ಖಚಿತವಾಗಿ ವಾಸಿ ಮಾಡುತ್ತೇನೆಂದು ಮಾತು ಕೊಡುವವರು, ವೈದ್ಯರು ಕೊಟ್ಟ ಮಾತ್ರೆಯನ್ನು ತಾವೇ ನಿಲ್ಲಿಸಿ ಎನ್ನುವವರು, ಇಪ್ಪತ್ತು ಸೆಷನ್‌ನ ಹಣವನ್ನು ಮುಂಗಡವಾಗಿ ಕೇಳುವವರು ಬೇಡ.

ಗೌಪ್ಯತೆಯನ್ನೂ ಕೇಳಿ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದು ಕಾಯ್ದೆ ಕೊಟ್ಟ ಹಕ್ಕು. ಜೀವಕ್ಕೆ ಅಪಾಯವೆಂದು ಕಂಡಾಗ, ಕಾಯ್ದೆಯೇ ಹೇಳುವ ಇನ್ನು ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬಹುದು. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ಅವರು ವರದಿ ಮಾಡಲೇಬೇಕು. ಇದು ಮೊದಲೇ ಗೊತ್ತಿರುವುದು ಒಳ್ಳೆಯದು.

6. ಖರ್ಚನ್ನು ತಿಂಗಳ ಲೆಕ್ಕದಲ್ಲಿ ನೋಡಿ

ಒಂದು ಸೆಷನ್‌ಗೆ 1,500 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 6,000 ರೂಪಾಯಿ. ಗುಂಪು ತರಗತಿ ಬೇರೆ. ಮೂರು ತಿಂಗಳಿಗೆ ಕೈ ಖಾಲಿಯಾಗಿ ಅರ್ಧಕ್ಕೆ ಬಿಡುವುದಕ್ಕಿಂತ ಕಡಿಮೆ ಶುಲ್ಕದ ಜಾಗದಲ್ಲಿ ವರ್ಷವಿಡೀ ಹೋಗುವುದು ಮೇಲು. ರಿಯಾಯಿತಿ ಇದೆಯೇ ಎಂದು ಕೇಳಲು ಸಂಕೋಚ ಬೇಡ, ಹಲವರು ಕೊಡುತ್ತಾರೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಕಾಯ್ದೆ ಹೇಳುತ್ತದೆ, ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುತ್ತವೆ. ಹೊರರೋಗಿ ಖರ್ಚು ಸೇರಿದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಿ.

7. ಮನೆಯಲ್ಲಿ ಹೇಳುವುದು

‘ಮದುವೆ ಮಾಡಿದರೆ ಸರಿಹೋಗುತ್ತದೆ’, ‘ಇಷ್ಟಕ್ಕೆಲ್ಲ ಯಾಕೆ ಅಳುತ್ತೀಯ’ ಎಂಬ ಮಾತುಗಳಿಗೆ ಹೆದರಿ ಎಷ್ಟೋ ಜನ ಗುಟ್ಟಾಗಿ ಥೆರಪಿಗೆ ಹೋಗುತ್ತಾರೆ. ಡಿಬಿಟಿಯ ನಾಲ್ಕನೇ ಬಗೆಯ ಕೌಶಲ ಇಲ್ಲಿಯೇ ಕೆಲಸಕ್ಕೆ ಬರುತ್ತದೆ. ನಡೆದದ್ದನ್ನು ಬಣ್ಣ ಹಚ್ಚದೆ ಹೇಳಿ, ಅನ್ನಿಸುವುದನ್ನು ಹೇಳಿ, ಬೇಕಾದ್ದನ್ನು ಸ್ಪಷ್ಟವಾಗಿ ಕೇಳಿ, ಅದರಿಂದ ಅವರಿಗೂ ಆಗುವ ಒಳಿತನ್ನು ಹೇಳಿ. ಹೀಗೆ: ‘ಅಮ್ಮಾ, ಎರಡು ತಿಂಗಳಿಂದ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಪರೀಕ್ಷೆ ತಪ್ಪಿಸಿಕೊಂಡೆ. ನನಗೇ ಭಯವಾಗುತ್ತಿದೆ. ಪ್ರತಿ ಶನಿವಾರ ಒಬ್ಬ ಡಾಕ್ಟರನ್ನು ನೋಡಬೇಕು, ಮೊದಲ ಸಲ ನೀನೂ ಬಾ. ನನಗೆ ಸ್ವಲ್ಪ ಹಗುರವಾದರೆ ಮನೆಯಲ್ಲಿ ದಿನಾ ನಡೆಯುವ ಈ ಜಗಳವೂ ಕಡಿಮೆಯಾಗುತ್ತದೆ.’ ಅಮ್ಮ ಮಾತು ಬೇರೆಡೆಗೆ ತಿರುಗಿಸಿದರೆ ಹಳೆಯ ಜಗಳಕ್ಕೆ ಇಳಿಯದೆ, ಕೇಳಿದ್ದನ್ನೇ ಮತ್ತೊಮ್ಮೆ ಮೆತ್ತಗೆ ಕೇಳಿ.

ತಂದೆತಾಯಂದಿರಿಗೆ ಒಂದು ವಿನಂತಿ. ಮಗು ಗಾಯ ಮಾಡಿಕೊಂಡದ್ದು ಕಂಡಾಗ ‘ನಾಟಕ’ ಎನ್ನಬೇಡಿ. ಆ ಒಂದು ಮಾತಿನಿಂದ ಅದು ಮುಂದಿನ ಸಲ ಮುಚ್ಚಿಡುವುದನ್ನು ಕಲಿಯುತ್ತದೆ.

8. ಮೊದಲ ತಿಂಗಳುಗಳಲ್ಲಿ ಏನಾಗುತ್ತದೆ

ಮೊದಲ ಕೆಲವು ಸೆಷನ್ ಒಪ್ಪಂದಕ್ಕೆ ಮೀಸಲು: ಯಾವುದನ್ನು ಮೊದಲು ಸರಿಪಡಿಸಬೇಕು, ಎಷ್ಟು ಕಾಲ ಬರುತ್ತೀರಿ. ಕ್ರಮ ಮೊದಲೇ ಗೊತ್ತಾಗಿದೆ. ಜೀವಕ್ಕೆ ಅಪಾಯ ತರುವ ನಡವಳಿಕೆ ಮೊದಲು. ಥೆರಪಿಗೇ ಅಡ್ಡಬರುವುದು, ಅಂದರೆ ಸೆಷನ್ ತಪ್ಪಿಸುವುದು, ಸುಳ್ಳು ಹೇಳುವುದು ಎರಡನೆಯದು. ಬದುಕಿನ ಉಳಿದ ತೊಡಕುಗಳು ಆಮೇಲೆ. ‘ನನ್ನ ಬ್ರೇಕಪ್ ಬಗ್ಗೆ ಮಾತನಾಡಲು ಬಿಡುವುದೇ ಇಲ್ಲ’ ಎಂಬ ದೂರು ಬರುವುದು ಈ ಕ್ರಮದಿಂದಾಗಿ.

ದಿನಚರಿ ಹಾಳೆಯಲ್ಲಿ ವಾರದ ಏಳು ದಿನಕ್ಕೆ ಏಳು ಸಾಲು. ಅಡ್ಡಕ್ಕೆ ಮನೆ ಮನೆ: ದುಃಖ, ಕೋಪ, ನಾಚಿಕೆ, ಗಾಯ ಮಾಡಿಕೊಳ್ಳುವ ತುಡಿತ, ಪ್ರತಿಯೊಂದಕ್ಕೂ 0ರಿಂದ 5ರವರೆಗೆ ಒಂದು ಅಂಕಿ. ಮಾತ್ರೆ ತೆಗೆದುಕೊಂಡೆನೇ, ಯಾವ ಕೌಶಲ ಬಳಸಿದೆ ಎಂಬ ಗುರುತು. ರಾತ್ರಿ ಮಲಗುವ ಮುನ್ನ ಎರಡು ಮೂರು ನಿಮಿಷದ ಕೆಲಸ. ವಾರದ ಹಾಳೆಯನ್ನೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನೆನಪಿನಿಂದ ತುಂಬುವುದು ಎಲ್ಲರೂ ಮಾಡುವ ತಪ್ಪು. ಆಗ ಆ ದಿನದ ಭಾವನೆಯೇ ಹಿಂದಿನ ಆರು ದಿನಕ್ಕೂ ಅಂಟಿಕೊಳ್ಳುತ್ತದೆ.

ಹಾಳೆಯಲ್ಲಿ ಒಂದು ದಿನ 5 ಕಂಡರೆ ಥೆರಪಿಸ್ಟ್ ಆ ದಿನವನ್ನು ಕೊಂಡಿ ಕೊಂಡಿಯಾಗಿ ಬಿಡಿಸುತ್ತಾರೆ. ಹಿಂದಿನ ರಾತ್ರಿ ಮೂರು ಗಂಟೆಯವರೆಗೆ ಮೊಬೈಲ್ ನೋಡಿದ್ದೆ. ಬೆಳಿಗ್ಗೆ ತಿಂಡಿ ಬಿಟ್ಟೆ. ಮಧ್ಯಾಹ್ನ ಗೆಳತಿಗೆ ಕಳಿಸಿದ ಸಂದೇಶಕ್ಕೆ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ‘ಅವಳಿಗೆ ನಾನು ಸಾಕಾದೆ’ ಎನ್ನಿಸಿತು. ಎದೆ ಬಿಗಿಯಿತು. ಹನ್ನೊಂದು ಸಲ ಕರೆ ಮಾಡಿದೆ. ಅವಳು ಸಿಡುಕಿದಳು. ಬಾಗಿಲು ಹಾಕಿಕೊಂಡೆ. ಹೀಗೆ ಬರೆದಾಗ ಎಲ್ಲೆಲ್ಲಿ ಕಡಿಯಬಹುದಿತ್ತು ಎಂದು ಕಾಣುತ್ತದೆ: ನಿದ್ದೆಯಲ್ಲಿ, ತಿಂಡಿಯಲ್ಲಿ, ‘ಸಾಕಾದೆ’ ಎಂಬುದಕ್ಕೆ ಪುರಾವೆ ಏನೆಂದು ಕೇಳಿಕೊಳ್ಳುವುದರಲ್ಲಿ, ಹನ್ನೊಂದು ಕರೆಗೆ ಮುಂಚೆ ತಣ್ಣೀರಿನಲ್ಲಿ. ಇದು ವಿಚಾರಣೆಯಂತೆ ತೋರಿ ಅವಮಾನವಾಗಬಹುದು. ಹಾಗನ್ನಿಸಿದರೆ ಅದನ್ನೇ ಥೆರಪಿಸ್ಟ್‌ಗೆ ಹೇಳಿ, ಅದೂ ಕೆಲಸದ ಭಾಗ.

ಮೊದಲ ವಾರಗಳಲ್ಲಿ ಸಂಕಟ ಹೆಚ್ಚಿದಂತೆ ಅನ್ನಿಸುವುದುಂಟು. ಅಷ್ಟಕ್ಕೇ ಥೆರಪಿಸ್ಟ್‌ರನ್ನು ಬದಲಿಸಬೇಡಿ. ಎರಡು ಮೂರು ತಿಂಗಳಾದರೂ ಹಾಳೆ ಇಲ್ಲ, ಗುರಿ ಇಲ್ಲ, ಬರೀ ಹರಟೆಯಾಗುತ್ತಿದ್ದರೆ ನೇರವಾಗಿ ಕೇಳಿ. ಉತ್ತರ ಸಮಾಧಾನ ತರದಿದ್ದರೆ ನಿಮ್ಮ ವಿವರಗಳ ಸಾರಾಂಶ ಪಡೆದು ಬೇರೆಯವರ ಬಳಿ ಹೋಗಿ. ನಿಮ್ಮನ್ನು ಹೀಯಾಳಿಸಿದರೆ, ವೈಯಕ್ತಿಕ ಸಲಿಗೆಗೆ ಯತ್ನಿಸಿದರೆ ಒಂದು ದಿನವೂ ಕಾಯಬೇಡಿ.

9. ಹತ್ತಿರದಲ್ಲಿ ಡಿಬಿಟಿ ಸಿಗದಿದ್ದರೆ

ಸಿಕ್ಕವರಲ್ಲಿ ಅರ್ಹತೆಯುಳ್ಳ ಒಬ್ಬರನ್ನು ಆರಿಸಿ, ವಾರಕ್ಕೊಮ್ಮೆ ತಪ್ಪದೆ ಹೋಗಿ. ದಿನಚರಿ ಹಾಳೆಯನ್ನು ನೋಟ್‌ಬುಕ್‌ನಲ್ಲಿ ನೀವೇ ಗೆರೆ ಎಳೆದು ಮಾಡಿಕೊಂಡು ಅವರ ಮುಂದಿಡಿ. ಡಿಬಿಟಿ ಗೊತ್ತಿಲ್ಲದ ಉತ್ತಮ ಥೆರಪಿಸ್ಟ್ ಕೂಡ ಅದನ್ನು ನೋಡಿ ಕೆಲಸ ಮಾಡಬಲ್ಲರು. ಕೌಶಲ ತರಗತಿಯನ್ನು ಮಾತ್ರ ಆನ್‌ಲೈನ್‌ನಲ್ಲಿ ಬೇರೆಯವರಿಂದ ಪಡೆಯಬಹುದು. ಆಗ ಇಬ್ಬರಿಗೂ ಪರಸ್ಪರ ಮಾತನಾಡಲು ನಿಮ್ಮ ಒಪ್ಪಿಗೆಯನ್ನು ಬರೆದು ಕೊಡಿ. ಮನೆಯ ಒಬ್ಬರು, ಊರಿನ ಒಬ್ಬ ಸ್ನೇಹಿತರು, ವೈದ್ಯರು ಮತ್ತು 14416, ಈ ನಾಲ್ಕು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಮೊಬೈಲಿನ ಕವರಿನೊಳಗೆ ಇಟ್ಟುಕೊಳ್ಳಿ. ಬ್ಯಾಟರಿ ಮುಗಿದಾಗಲೂ ಅದು ಕೈಗೆ ಸಿಗಬೇಕು. ಮನೆಯಲ್ಲಿರುವ ಹೆಚ್ಚುವರಿ ಮಾತ್ರೆಗಳನ್ನು ನಂಬಿಕಸ್ಥರೊಬ್ಬರ ವಶಕ್ಕೆ ಇವತ್ತೇ ಕೊಟ್ಟುಬಿಡಿ.